ಸೋಮವಾರದ ಮನು

ಆಗಸ್ಟ್ 21, ಗುರುವಾರ

ಇದು ನನ್ನ ಮಗ ಮನುವಿನ ನೋಟ್‌ಬುಕ್. ಮುಂದಿನ ಅರ್ಧದಲ್ಲಿ ಪಾಲಿಟೆಕ್ನಿಕ್ಕಿನ ಪಾಠ, ಗೇರುಗಳ ಚಿತ್ರ. ಹಿಂದಿನ ಅರ್ಧ ಖಾಲಿ. ಆ ಖಾಲಿ ಹಾಳೆ ಮುಟ್ಟೋಕೆ ಒಂದು ವರ್ಷ ಮನಸ್ಸು ಬರಲಿಲ್ಲ. ಇವತ್ತು ಅಂಗಡಿಯಲ್ಲಿ ಹೊಸ ನೋಟ್‌ಬುಕ್ಕಿನ ಬೆಲೆ ಕೇಳಿ, ಸುಮ್ಮನೆ ವಾಪಸ್ ಬಂದು, ಇದನ್ನೇ ತೆಗೆದೆ.

ನಮ್ಮ ಮನೆಯವರಿಗೆ ಕೆಲಸ ನಿಂತು ಎರಡು ತಿಂಗಳಾಯಿತು. ಹದಿನಾಲ್ಕು ವರ್ಷ ಒಂದೇ ಕಂಪನಿಯಲ್ಲಿ ಕಾಂಟ್ರಾಕ್ಟ್ ಮೇಲೆ ಲೇತ್ ನಡೆಸಿದವರು. ಹೊರದೇಶದ ಆರ್ಡರ್ ಇಲ್ಲ, ಬಂದರೆ ಫೋನ್ ಮಾಡ್ತೀವಿ ಅಂದರಂತೆ. ಹಾಗೆ ಹೇಳಿಸಿಕೊಂಡವರು ನಮ್ಮ ಸಾಲುಮನೆಯಲ್ಲೇ ನಾಲ್ಕು ಜನ. ನಮ್ಮ ಮನೆಯವರು ಫೋನನ್ನು ತಲೆ ಪಕ್ಕ ಇಟ್ಟುಕೊಂಡು ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಾರೆ. ಚಾರ್ಜ್ ಮಾತ್ರ ತಪ್ಪದೆ ಹಾಕುತ್ತಾರೆ.

ಮನೆ ಓನರ್ ಮುನಿಶಾಮಿಯಣ್ಣ ಬಂದಿದ್ದರು. ಕೂರಲಿಲ್ಲ. “ದೀಪಾವಳಿ ಗಂಟ ನೋಡ್ತೀನಮ್ಮ. ಆಮೇಲೆ ನಂಗೂ ಕಷ್ಟ ಐತೆ” ಅಂದರು. ಕೆಟ್ಟವರಲ್ಲ. ಹೇಳುವಾಗ ನಮ್ಮ ಹೊಸ್ತಿಲನ್ನೇ ನೋಡುತ್ತಿದ್ದರು.

ಅವರು ಹೋದಮೇಲೆ ಇವರು ಗೋಡೆ ಕಡೆಯಿಂದಲೇ ಅಂದರು, “ಊರಿಗೆ ಹೋಗ್ಬುಡಾನ.”

ಊರು ಅಂದರೆ ಅಂಚೆಟ್ಟಿಯಿಂದ ಆಚೆ. ಬಸ್ಸು ಇಳಿದು ಒಂದು ಗಂಟೆ ನಡೆಯಬೇಕು. ನಡೆಯೋದಕ್ಕೆ ನನಗೆ ಬೇಜಾರಿಲ್ಲ. ಆದರೆ ಅಲ್ಲಿ ಮನುವನ್ನು ಯಾರೂ ಕಂಡವರಲ್ಲ. ರಜೆಗೆ ಹೋದಾಗ ಹೊಸೂರು ಹುಡುಗ ಅನ್ನುತ್ತಿದ್ದರು, ಅಷ್ಟೇ. ಇಲ್ಲಿ ಹೊಸೂರಿನ ಅವಲಪಲ್ಲಿಯಲ್ಲಿ ಹಾಲಿನವನಿಗೆ, ಹಿಟ್ಟಿನ ಮಿಲ್ಲಿನವನಿಗೆ, ಎಲ್ಲರಿಗೂ ನಾನು ‘ಮನು ಅಮ್ಮ’. ಅವನು ಹೋದಮೇಲೆ ಎಲ್ಲರೂ ಮಾತಾಡಿಕೊಂಡ ಹಾಗೆ ಒಂದೇ ದಿನ ಬದಲಾಯಿಸಿಬಿಟ್ಟರು. ಈಗ ನಾನು ಅಕ್ಕ. ಇಲ್ಲವೇ ‘ಇವ್ರೇ’. ನನಗೆ ನೋವಾಗದಿರಲಿ ಅಂತಲೇ. ಗೊತ್ತು.

ಇವರೂ ನನ್ನ ಹೆಸರು ಹಿಡಿದು ಯಾವತ್ತೂ ಕರೆದವರಲ್ಲ. ಶಿಫ್ಟ್ ಮುಗಿಸಿ ಬಂದು ಬಾಗಿಲಲ್ಲಿ ನಿಂತು “ಮನೂ” ಅನ್ನೋರು. ಅದು ನನಗೆ, ಬಾಗಿಲು ತೆಗಿ ಅಂತ. ಒಳಗಿನಿಂದ ಮಗ “ನಾನಾ, ಅಮ್ಮನಾ?” ಅಂತ ಕೂಗೋನು. ಈಗ ಇವರು ಚಿಲಕ ಅಲ್ಲಾಡಿಸುತ್ತಾರೆ.

ಊರಿಗೆ ಹೋದರೆ ಆ ಹೆಸರು ಅಲ್ಲಿಗೆ ಮುಗಿಯಿತು.

ಆಗಸ್ಟ್ 27, ಬುಧವಾರ

ಪಕ್ಕದ ಮನೆ ಮಾಲಿನಿ ನೀರು ಹಿಡಿಯುವಾಗ ಕೇಳಿದಳು. “ಅಕ್ಕಾ, ನಿಮ್ಮದು ಸಕ್ಕರೆ ಕಾರ್ಡಲ್ವಾ?”

ಹೌದು. ಕೆಲಸ ಚೆನ್ನಾಗಿದ್ದಾಗ, ರೇಷನ್ ಅಕ್ಕಿ ನಮಗ್ಯಾಕೆ ಅಂತ ಇವರೇ ಸಕ್ಕರೆ ಕಾರ್ಡ್ ಮಾಡಿಸಿದ್ದರು.

“ಅದನ್ನ ಅಕ್ಕಿ ಕಾರ್ಡ್ ಮಾಡಿಸ್ಕೊಳಿ. ತಿಂಗಳ ಅಕ್ಕಿ ಸುಮ್ನೆ ಬರುತ್ತೆ, ಆ ದುಡ್ಡು ಬಾಡಿಗೆಗಾದ್ರೂ ಆಗುತ್ತೆ. ಸೋಮವಾರ ಸೋಮವಾರ ಕೃಷ್ಣಗಿರೀಲಿ ಕಲೆಕ್ಟರ್ ಆಫೀಸಲ್ಲಿ ತಗೋತಾರೆ. ಹೋಗಿ ಒಂದು ಮ...” ಅಂದವಳು ನಾಲಿಗೆ ಕಚ್ಚಿಕೊಂಡಳು. ಮುಖ ಕೆಂಪಾಯಿತು. “ಅದೇ, ಲೆಟರ್. ಒಂದು ಲೆಟರ್ ಕೊಡಿ.”

ತಮಿಳಿನಲ್ಲಿ ಅರ್ಜಿಗೆ ಮನು ಅನ್ನುತ್ತಾರೆ. ಹೆಸರಿಡುವಾಗ ನಮಗೆ ಅದು ಹೊಳೆಯಲೇ ಇಲ್ಲ. ನಾವಿಬ್ಬರೂ ಅಂಚೆಟ್ಟಿ ಕಡೆ ಕನ್ನಡ ಶಾಲೆಯಲ್ಲಿ ಓದಿದವರು. ಮಗನನ್ನು ಇಲ್ಲಿ ತಮಿಳು ಶಾಲೆಗೆ ಸೇರಿಸಿದ ಮೊದಲ ದಿನವೇ ಮೇಷ್ಟ್ರು ಹಾಜರಿ ಕೂಗಿ, ಈ ಮನುವನ್ನು ಯಾರಿಗೆ ಕೊಡಬೇಕಪ್ಪಾ ಅಂದರಂತೆ. ಕ್ಲಾಸೆಲ್ಲಾ ನಗು. ಅಳುತ್ತಾ ಬರುತ್ತಾನೆ ಅಂದುಕೊಂಡರೆ ನಗುತ್ತಾ ಬಂದ. “ಅಮ್ಮಾ, ನನ್ನ ಕಲೆಕ್ಟ್ರಿಗೆ ಕೊಟ್ಬುಡು. ಸೀಲ್ ಹೊಡ್ದು ವಾಪಸ್ ಕಳಿಸ್ತಾರೆ.”

ಬಿಂದಿಗೆ ತುಂಬಿ ಹರಿದು ಹೋಗುತ್ತಿತ್ತು. ಮಾಲಿನಿಯೇ ನಲ್ಲಿ ನಿಲ್ಲಿಸಿದಳು.

ಸೆಪ್ಟೆಂಬರ್ 1, ಸೋಮವಾರ

ಹೋಗಿ ಬಂದೆ. ಹೆಂಗಸರಿಗೆ ಟಿಕೆಟ್ ಇಲ್ಲದ ಬಸ್ಸು ಹಿಡಿದು ರಾಯಕೋಟೆಯಲ್ಲಿ ಇಳಿದು, ಅಲ್ಲಿ ಇನ್ನೊಂದು ಹಿಡಿದೆ. ಆಫೀಸಿನ ಮುಂದೆ ಜಾತ್ರೆಯಷ್ಟು ಜನ. ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಬರೆದುಕೊಡುವವರು ಮೂರು ಜನ. ನಾನು ಅದನ್ನು ಗಮನಿಸದೆ ನೇರ ಸಾಲಿನಲ್ಲಿ ನಿಂತೆ. ಕೈಯಲ್ಲಿ ರೇಷನ್ ಕಾರ್ಡ್ ಜೆರಾಕ್ಸ್, ಆಧಾರ್ ಜೆರಾಕ್ಸ್, ಇವರ ಕಂಪನಿ ಪಾಸು. ಬರೆದ ಕಾಗದ ಮಾತ್ರ ಇರಲಿಲ್ಲ.

ನನ್ನ ಸರದಿ ಬಂತು. ನಂಬರ್ ಹಾಕುವ ಹುಡುಗ ತಲೆ ಎತ್ತದೆ ಕೇಳಿದ, “ಮನು ಎಂಗಮ್ಮಾ?”

ಮನು ಎಲ್ಲಮ್ಮಾ, ಅಂತ.

ಅವನು ಕೇಳಿದ್ದು ಏನು ಅಂತ ನನಗೆ ಗೊತ್ತಿತ್ತು. ಇಪ್ಪತ್ತೆರಡು ವರ್ಷದಿಂದ ತಮಿಳು ಆಡುತ್ತಿದ್ದೇನೆ. ಆದರೂ ಬಾಯಿಂದ ಬಂದದ್ದು, “ಹೋಗ್ಬುಟ್ಟ.”

“ಎನ್ನ?”

“ಹೋಗ್ಬುಟ್ಟ ಸಾರ್. ಹೋದ ವರ್ಷ. ಐದು ದಿನ ಜ್ವರ ಬಂದು.”

ಅವನಿಗೆ ಹೋಯಿತು ಅನ್ನುವಷ್ಟು ಅರ್ಥವಾಯಿತು. ಒಳ್ಳೆಯ ಹುಡುಗ, ಸಮಾಧಾನವಾಗಿಯೇ ತಮಿಳಿನಲ್ಲಿ ಹೇಳಿದ. ಕಳೆದುಹೋದರೆ ಪರವಾಗಿಲ್ಲಮ್ಮಾ, ಹೊಸದೊಂದು ಬರೆದು ತನ್ನಿ.

ಕಾಲು ಕದಲಲಿಲ್ಲ. ನನ್ನ ಹಿಂದೆ ನಿಂತಿದ್ದ ಮುದುಕಿ ರಟ್ಟೆ ಹಿಡಿದು ಬೇವಿನ ಮರದ ಹತ್ತಿರ ಕರೆದುಕೊಂಡು ಹೋಗಿ ಕೂರಿಸಿದಳು. ಕದಿರಮ್ಮ ಅಂತೆ. ರಾಯಕೋಟೆಯವಳು, ಟೊಮ್ಯಾಟೊ ತೋಟದಲ್ಲಿ ಕೂಲಿ. ಮಾತಿನಲ್ಲಿ ಕನ್ನಡ ಅರ್ಧ, ತೆಲುಗು ಅರ್ಧ.

“ಯಾರಮ್ಮಿ ಹೋಗಿದ್ದು?”

“ಮಗ. ಅವನ ಹೆಸರು ಮನು.”

ಕದಿರಮ್ಮ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಸೇರಿಸಿ ಬಾಯಿಗೆ ಹಾಕಿ, ಅಗಿದು, ಆ ಜನವನ್ನೆಲ್ಲಾ ನೋಡಿ ಆಮೇಲೆ ಹೇಳಿದಳು. “ಒಳ್ಳೇ ಹೆಸ್ರೇ ಇಟ್ಟೀಯ. ಇಡೀ ಜಿಲ್ಲೆ ನಿನ್ ಮಗನ್ನ ಕೈಲಿ ಹಿಡ್ಕೊಂಡು ನಿಂತೈತೆ ನೋಡು.”

ನನಗೆ ನಗು ಬಂತು. ಒಂದು ವರ್ಷದಲ್ಲಿ ಅದೇ ಮೊದಲು. ನಗುತ್ತಲೇ ಅತ್ತೆ.

ಬಸ್ಸಿಗೆ ಹೊತ್ತಿತ್ತು. ಅಲ್ಲೇ ಕೂತೆ. ಮನು ಕುಡುಂಗ, ಮನು ವಾಂಗಿಟ್ಟಾಂಗಳಾ, ಪುದು ಮನುವಾ ಪಳೆಯ ಮನುವಾ. ಕೊಡಿ, ತಗೊಂಡರಾ, ಹೊಸ ಮನುವಾ ಹಳೆ ಮನುವಾ. ಎಣಿಸಿದೆ. ಹೊರಡುವ ಹೊತ್ತಿಗೆ ಆ ಹೆಸರು ಅರವತ್ತಮೂರು ಸಲ.

ಸೆಪ್ಟೆಂಬರ್ 2, ಮಂಗಳವಾರ

ಹೋದ ಕೆಲಸ ಆಗಲಿಲ್ಲ. ಆದರೂ ನಿನ್ನೆ ಹಬ್ಬಕ್ಕೆ ಹೋಗಿ ಬಂದ ಹಾಗಿತ್ತು. ಇದು ತಪ್ಪೇನೋ.

ಸೆಪ್ಟೆಂಬರ್ 8, ಸೋಮವಾರ

ಮರದ ಕೆಳಗೆ ಬರೆಸಿದರೆ ದುಡ್ಡು. ನಾನೇ ಬರೆದೆ.

ನನಗೆ ತಮಿಳು ಅಕ್ಷರ ಕಲಿಸಿದ್ದು ಮನು. ಒಂದನೇ ಕ್ಲಾಸಿನಲ್ಲಿ ಅವನಿಗೆ ಹೋಂವರ್ಕ್ ಮಾಡಿಸಬೇಕಲ್ಲ, ಅವನು ಶಾಲೆಯಲ್ಲಿ ಕಲಿತದ್ದನ್ನು ಸಂಜೆ ನನಗೆ ಹೇಳಿಕೊಡೋನು. ಬೆತ್ತದ ಬದಲು ಸೌಟು ಹಿಡಿಯೋನು. ತಮಿಳಿನಲ್ಲಿ ‘ನ’ ಮೂರು ಥರ. “ನನ್ನ ಹೆಸ್ರಿಗೆ ಎರಡು ಸುಳಿ ನ ಅಮ್ಮಾ, ಮೂರು ಸುಳಿ ಬರೆದ್ರೆ ನಾನಲ್ಲ.” ಗ ಅಕ್ಷರವೇ ಬೇರೆ ಇಲ್ಲ, ಕ ಒಂದೇ. ಅವರಪ್ಪನ ಹೆಸರು ಗಿರಿ ಹೋಗಿ ಕಿರಿ ಆಗಿದ್ದಕ್ಕೆ ಒಂದು ವಾರ ನಕ್ಕಿದ್ದ.

ಅವನ ಪರೀಕ್ಷೆ ಪ್ಯಾಡಿನ ಮೇಲೆ ಕಾಗದ ಇಟ್ಟು ಬರೆದೆ. ಅವನ ಹಾಗೇ ನನ್ನ ಸುಳಿಯೂ ಕೊನೆಯಲ್ಲಿ ಮೇಲಕ್ಕೆ ಎದ್ದು ನಿಲ್ಲುತ್ತೆ. ಮೇಲುಗಡೆ ನಡುವಿನಲ್ಲಿ ‘ಮನು’ ಅಂತ ಬರೆದು ಅಡಿಗೆರೆ ಎಳೆದೆ. ಅದನ್ನು ಬರೆಯೋ ಅಗತ್ಯ ಇರಲಿಲ್ಲ.

ನಂಬರ್ ಚೀಟಿ ಕೊಟ್ಟರು. ಪರಿಶೀಲಿಸಿ ತಿಳಿಸುತ್ತಾರಂತೆ. ಕದಿರಮ್ಮ ನನ್ನ ಬರಹ ನೋಡಿ, “ಒಂದ್ನೇ ಕ್ಲಾಸ್ ಕೂಸು ಬರ್ದಂಗೈತೆ” ಅಂದಳು. ಓದೋಕೆ ಬರುತ್ತಾ ಅಂದೆ. “ಓದಾಕ್ ಬರಲ್ಲ. ನೋಡಾಕ್ ಬತ್ತದೆ.”

ನಲವತ್ತೊಂದು. ಇವತ್ತು ಜನ ಕಡಿಮೆ.

ಸೆಪ್ಟೆಂಬರ್ 15, ಸೋಮವಾರ

ಇವತ್ತು ನನಗಲ್ಲಿ ಕೆಲಸವಿರಲಿಲ್ಲ. ಇವರಿಗೆ, ಬರೋಕೆ ಹೇಳಿದಾರೆ ಅಂತ ಸುಳ್ಳು ಹೇಳಿ ಹೋದೆ.

ಕದಿರಮ್ಮನಿಗೆ ಬರೆದುಕೊಟ್ಟೆ. ಟೊಮ್ಯಾಟೊ ಕಿತ್ತೂ ಕಿತ್ತೂ ಅವಳ ಬೆರಳಿನ ಗೆರೆ ಸವೆದು ಹೋಗಿವೆ. ಮಿಷನ್ನಿನ ಮೇಲೆ ಹೆಬ್ಬೆಟ್ಟು ಒತ್ತಿದರೆ ಗುರುತು ಹತ್ತುವುದಿಲ್ಲ, ಹಾಗಾಗಿ ಪಿಂಚಣಿ ಸಿಗುತ್ತಿಲ್ಲ. ಬರೆಯುತ್ತಿರುವಾಗ ಒಬ್ಬರು ಮುದುಕರು ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತರು. ಹೆಸರು ದೊಡ್ಡವೆಂಕಟಪ್ಪ, ಅಂಚೆಟ್ಟಿ ಬೆಟ್ಟದವರು. ನಮ್ಮ ಊರಿನ ಮಾತು. ಬೆಳಿಗ್ಗೆಯಿಂದ ಕೂತಿದ್ದಾರೆ, ಮೇಜಿನವರ ತಮಿಳು ಮುದುಕರಿಗೆ ತಿಳಿಯದು, ಮುದುಕರ ಮಾತು ಅವರಿಗೆ ತಿಳಿಯದು.

“ತಾಯೀ, ನಮ್ಮೂರಿಗೆ ಬರೋ ಬಸ್ಸು ಇನ್ನೊಂದು ದಪ ಬರ್ಲಿ ಅಂತ ಬರ್ಕೊಡವ್ವ. ಕಂಪನಿಯಿಂದ ಹುಡುಗ್ರೆಲ್ಲಾ ವಾಪಸ್ ಬಂದವ್ರೆ. ಕೂಲಿಗೆ ಹೋಗಾಕೆ ಬಸ್ಸಿಲ್ಲ.”

ಅವರು ಕನ್ನಡದಲ್ಲಿ ಹೇಳಿದ್ದನ್ನು ತಮಿಳಿನಲ್ಲಿ ಬರೆದೆ. ಒಂದು ಗಂಟೆ ಹಿಡಿಯಿತು. ಓದಿ ಹೇಳಿದಾಗ ತಲೆದೂಗಿ, ಪಂಚೆಯ ಗಂಟಿನಿಂದ ಹುಣಸೆಹಣ್ಣಿನ ಉಂಡೆ ತೆಗೆದು ಮಡಿಲಿಗೆ ಹಾಕಿದರು. ಬೇಡ ಅಂದರೆ ಕೇಳಲಿಲ್ಲ.

ಸಂಜೆ ಇವರು ಸಾರು ಕುಡಿದು, “ಎಲ್ಲೀದು ಹುಣಸೆ?” ಅಂದರು. ಸಿಕ್ತು ಅಂದೆ. ಇನ್ನೊಂದು ಸೌಟು ಹಾಕಿಸಿಕೊಂಡರು.

ಸೆಪ್ಟೆಂಬರ್ 22, ಸೋಮವಾರ

ದೊಡ್ಡವೆಂಕಟಪ್ಪನವರು ಬೆಟ್ಟದಿಂದ ಆರು ಜನರನ್ನು ಕರೆದುಕೊಂಡು ಬಂದಿದ್ದರು. ಎಲ್ಲರದ್ದೂ ಕೆಲಸ ಹೋದ ಕಥೆ. ಒಬ್ಬಳು ಹುಡುಗಿ ಗಾರ್ಮೆಂಟ್ಸ್‌ನಲ್ಲಿ ಮೂರು ವರ್ಷ ಮಾಡಿದವಳು, ಹೊಲಿಗೆ ಮಿಷನ್ ಕೇಳಬೇಕು. ಬರೆಯುವಾಗ ಅವಳ ಕೈ ನೋಡಿದೆ, ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಗುರುತು. ಹಿಂದಿನ ಕೆಲಸದ ಕಾಗದ ಇದ್ದರೆ ಸೇರಿಸು, ಇಲ್ಲದಿದ್ದರೆ ತಿರುಗಿ ಬರಬೇಕಾಗುತ್ತೆ ಅಂತ ಹೇಳಿದೆ. ನನಗೇ ಈಗ ಗೊತ್ತಾದ ವಿಷಯ.

ಮಧ್ಯಾಹ್ನ ನೀರು ಕುಡಿಯೋಕೆ ಎದ್ದು ಹೋಗಿದ್ದೆ. ಹಿಂದಿನಿಂದ ಆ ಹುಡುಗಿ ಕೂಗಿದಳು. “ಮನು ಬರೆಯೋ ಅಮ್ಮ ಎಲ್ಲಿ?” ಇನ್ನೊಬ್ಬರು, “ಅಗೋ ಅಲ್ಲಿ. ಮನು ಅಮ್ಮಾ! ಓ ಮನು ಅಮ್ಮಾ!”

ಲೋಟ ಕೈಯಲ್ಲೇ ಇತ್ತು. ಹಾಗೇ ತಿರುಗಿ ಮರದ ಕಡೆ ನಡೆದೆ.

ಎಣಿಸೋದು ಮರೆತೆ.

ಸೆಪ್ಟೆಂಬರ್ 29, ಸೋಮವಾರ

ನಮ್ಮ ಕಾಗದಕ್ಕೆ ಉತ್ತರ ಬಂತು. ಕಾರ್ಡಿನಲ್ಲಿ ಮೂರು ಹೆಸರಿವೆ. ಒಬ್ಬರು ತೀರಿಕೊಂಡಿದ್ದಾರೆ. ಮೊದಲು ಆ ಹೆಸರು ತೆಗೆಸಬೇಕು, ಆಮೇಲೆ ಅಕ್ಕಿ ಕಾರ್ಡ್. ತೆಗೆಸಲು ಒಂದು ಮನು ಕೊಟ್ಟರೆ ಸಾಕಂತೆ.

ಸಾಕಂತೆ.

ಅಕ್ಟೋಬರ್ 6, ಸೋಮವಾರ

ಹೋಗಲಿಲ್ಲ.

ಅಕ್ಟೋಬರ್ 9, ಗುರುವಾರ

ಇವರು ಸಾಮಾನು ಕಟ್ಟೋಕೆ ಹಗ್ಗ ತಂದರು. ಮೂಲೆಯಲ್ಲಿ ಸುತ್ತಿ ಇಟ್ಟಿದ್ದಾರೆ. ಅದನ್ನು ದಾಟಿಕೊಂಡು ಓಡಾಡುತ್ತಿದ್ದೇನೆ.

ಕಾರ್ಡನ್ನು ಡಬ್ಬಿಯಿಂದ ತೆಗೆದು ನೋಡಿದೆ. ಮೂರನೇ ಸಾಲು. ಎರಡು ಸುಳಿ. ಆ ಕಂಪ್ಯೂಟರಿನವರು ಸರಿಯಾಗೇ ಬರೆದಿದ್ದಾರೆ. ನಾನೇ ಹೋಗಿ ಅದನ್ನು ತೆಗೀರಿ ಅಂತ ಹೇಗೆ ಬರೆಯಲಿ? ಅವನು ಕಲಿಸಿದ ಅಕ್ಷರದಲ್ಲೇ?

ಅಕ್ಟೋಬರ್ 14, ಮಂಗಳವಾರ

ಕದಿರಮ್ಮ ಮನೆಗೇ ಬಂದುಬಿಟ್ಟಳು. ಚೀಲದ ತುಂಬಾ ಟೊಮ್ಯಾಟೊ. ಮನೆ ನಂಬರ್ ಗೊತ್ತಿಲ್ಲ, ಬೀದಿ ತುದಿಯಿಂದಲೇ ಕೂಗು.

“ಮನು ಅಮ್ಮಾ! ಯಾವ್ ಮನೇನೇ ನಿಂದು? ಲೇ ಮನು ಅಮ್ಮಾ!”

ಮಾಲಿನಿ ಕೈಯಲ್ಲಿದ್ದ ಪಾತ್ರೆ ಹಾಗೇ ಹಿಡಿದು ನಿಂತಳು. ಮುನಿಶಾಮಿಯಣ್ಣ ಮಹಡಿಯಿಂದ ಇಣುಕಿದರು. ಇವರು ಗೋಡೆ ಕಡೆಯಿಂದ ಈ ಕಡೆ ತಿರುಗಿ ಎದ್ದು ಕೂತರು. ನಾನು ಬಾಗಿಲಿಗೆ ಹೋಗಿ ಓ ಅಂದೆ.

“ಎರಡು ವಾರ ಆತು. ಬೆಟ್ಟದ ಜನ ಮರದ ಕೆಳಗೆ ಕಾದು ಕಾದು ನನ್ ಪ್ರಾಣ ತಿಂತಾವ್ರೆ. ಏನೇ ರೋಗ ನಿಂಗೆ?”

ಕೂರಿಸಿ ಹೇಳಿದೆ. ಹೆಸರು ತೆಗೆಸಬೇಕಂತೆ ಅಂತ. ಅವಳು ತನ್ನ ಹೆಬ್ಬೆರಳು ನನ್ನ ಮುಂದೆ ಹಿಡಿದಳು. “ನಂದು ಬೆರಳೈತೆ, ಗೆರೆ ಹೋಗೈತೆ. ಗೆರೆ ಹೋದ್ರೆ ನಾನಿಲ್ವಾ? ಆ ಮಿಷನ್ನು ಇಲ್ಲ ಅಂತದೆ. ನಾನು ನಿನ್ ಮುಂದೆ ಕೂತು ಕಾಫಿ ಕುಡೀತಿವ್ನಿ.”

ಆಮೇಲೆ ಇವರ ಕಡೆ ತಿರುಗಿದಳು. “ನೀನೇ ಅಲ್ವಾ ಕಿರಿ?”

“ಗಿರಿ” ಅಂದರು ಇವರು.

“ಯಾವ್ದೋ ಒಂದು. ಮಲ್ಕೊಂಡ್ರೆ ಫೋನ್ ಬೇಗ ಬತ್ತದಾ? ರಾಯಕೋಟೆ ಮಂಡೀಲಿ ತೂಕದ ಮಿಷನ್ ಕೆಟ್ಟು ನಿಂತೈತೆ, ಕ್ರೇಟು ಎತ್ತಾಕೆ ಜನ ಸಾಲ್ದು. ನಾನ್ ಹೇಳಿವ್ನಿ, ನಾಳೆ ಬಾ.”

“ನಾನು ಲೇತ್ ಆಪರೇಟರಮ್ಮ. ಟೊಮ್ಯಾಟೊ ಕೆಲಸ ನಂಗೆ ಗೊತ್ತಿಲ್ಲ.”

“ಟೊಮ್ಯಾಟೊಗೂ ನೀನು ಗೊತ್ತಿಲ್ಲ. ಬಾ, ಪರಿಚಯ ಮಾಡುಸ್ತೀನಿ.”

ಅವಳು ಹೋದಮೇಲೆ ಇವರು ಕೇಳಿದರು. “ಕೆಲಸ ಇಲ್ದಿದ್ರೂ ಸೋಮವಾರ ಹೋಗ್ತಿದ್ಯಾ?”

“ಹೂಂ.”

“ಅಲ್ಲಿ ತುಂಬಾ ಸಲ ಅಂತಾರಾ? ಆ ಹೆಸ್ರನ್ನ?”

“ದಿನಾ ಪೂರ್ತಿ ಅಂತಾರೆ.”

ಮತ್ತೆ ಗೋಡೆ ಕಡೆ ತಿರುಗಲಿಲ್ಲ. ಟೊಮ್ಯಾಟೊ ಚೀಲ ಬಿಚ್ಚಿ, ಹಣ್ಣಾದದ್ದು ಬೇರೆ, ಕಾಯಿ ಬೇರೆ ಮಾಡುತ್ತಾ ಕೂತರು.

ಅಕ್ಟೋಬರ್ 20, ದೀಪಾವಳಿ

ಇವರು ಮಂಡಿಗೆ ಹೋಗಲು ಶುರುಮಾಡಿ ಐದು ದಿನ. ತೂಕದ ಮಿಷನ್ ಸರಿಮಾಡಿದರಂತೆ. ಮೈಕೈ ನೋವು ಅಂತಾರೆ, ಊಟ ಸರಿಯಾಗಿ ಮಾಡುತ್ತಾರೆ. ಮನೆಗೆ ಬಂದರೆ ಚಿಲಕ ಅಲ್ಲಾಡಿಸುವುದು ಹಾಗೇ ಇದೆ.

ಮುನಿಶಾಮಿಯಣ್ಣ ಬಂದರು. ಬಾಡಿಗೆಗೇ ಬಂದರು ಅಂದುಕೊಂಡೆ. ಸದ್ಯಕ್ಕೆ ಆದಷ್ಟು ಕೊಟ್ಟೆವು. ಎಣಿಸದೆ ಜೇಬಿಗೆ ಹಾಕಿಕೊಂಡು, ಕೂತರು. “ಅಲ್ಲಮ್ಮಾ, ನೀವು ಬರೀತೀರಂತೆ? ನಮ್ ಬೀದಿ ಮೋರಿ ನಾಲ್ಕು ವರ್ಷದಿಂದ ಹಿಂಗೇ ಐತೆ. ಮಿಕ್ಕಿದ್ದು ನಿಧಾನಕ್ಕೆ ಕೊಡೀರಂತೆ. ಮೊದ್ಲು ಮೋರಿ ಬರೀರಿ.”

ಇವರು ಎದ್ದು ಹೋಗಿ ಹಗ್ಗ ತೆಗೆದುಕೊಂಡು ಹಿತ್ತಲಲ್ಲಿ ಬಟ್ಟೆ ಒಣಗಿಸಲು ಕಟ್ಟಿದರು.

ಮಾಲಿನಿ ಮುರುಕ್ಕು ತಂದುಕೊಟ್ಟಳು. “ತಗೊಳಿ ಅಕ್ಕಾ” ಅಂದು, ಹೊಸ್ತಿಲು ದಾಟಿ ಹೋಗಿ, ತಿರುಗಿ ಬಂದು, “ತಗೊಳಿ ಮನು ಅಮ್ಮಾ” ಅಂದಳು. ಅಂದು ಓಡಿಹೋದಳು.

ನವೆಂಬರ್ 9, ಭಾನುವಾರ

ಇವತ್ತು ಬರೆದೆ. ಇವರು ಪಕ್ಕದಲ್ಲಿ ಕೂತಿದ್ದರು.

ಇನ್ನೆಲ್ಲರದ್ದನ್ನೂ ಈಗ ಬೇಗ ಬರೆಯುತ್ತೇನೆ. ಇದಕ್ಕೆ ಮಾತ್ರ ಮೂರು ಹಾಳೆ ಹಾಳಾಯಿತು. ಇವರು, “ಕಾರ್ಡಿಂದ ತಾನೇ ತೆಗೆಯೋದು” ಅಂದರು. ವಿಷಯ ಅನ್ನುವ ಕಡೆ ಹೀಗೆ ಬಂತು: ಮನುವಿನ ಹೆಸರು ತೆಗೆಯಲು ಮನು. ಒಂದೇ ಸಾಲಿನಲ್ಲಿ ಎರಡು ಸಲ. ಎರಡಕ್ಕೂ ಎರಡೇ ಸುಳಿ.

ಇವರು ಕನ್ನಡದಲ್ಲಿ ಸಹಿ ಹಾಕಿದರು. ಗಿರಿ ಅಂತ, ಗ ದೊಡ್ಡದಾಗಿ.

ನವೆಂಬರ್ 10, ಸೋಮವಾರ

ಅದೇ ಹುಡುಗ. “ಮನು ಎಂಗಮ್ಮಾ?”

“ಇಲ್ಲವ್ನೆ ಸಾರ್” ಅಂದೆ. ಇಲ್ಲಿದ್ದಾನೆ ಅಂತ. ಅವನಿಗೆ ಕನ್ನಡ ಬಾರದು. ಕೈ ಚಾಚಿ ತಗೊಂಡ. ಮೇಲಿನದಕ್ಕೆ ಸೀಲ್ ಹೊಡೆದ, ಕೆಳಗಿನ ನಕಲಿಗೂ ಹೊಡೆದ, ನಕಲು ನನಗೆ ವಾಪಸ್ ಕೊಟ್ಟ.

ಸೀಲ್ ಹೊಡ್ದು ವಾಪಸ್ ಕಳಿಸ್ತಾರೆ ಅಂದಿದ್ದ. ಕಳಿಸಿದರು ಕಣಪ್ಪ.

ಮರದ ಕೆಳಗೆ ಹನ್ನೊಂದು ಜನ ಕಾಯುತ್ತಿದ್ದರು. ಸಂಜೆಯವರೆಗೂ ಬರೆದು ಬೆನ್ನು ಹಿಡಿದುಕೊಂಡಿದೆ.

ನವೆಂಬರ್ 24, ಸೋಮವಾರ

ಇದು ಕೊನೆಯ ಹಾಳೆ. ಬೇರೆ ನೋಟ್‌ಬುಕ್ ತರೋಕೆ ಇವರಿಗೆ ಹೇಳಿದ್ದೇನೆ, ಉದ್ದ ಸಾಲಿನದು. ಯಾರ್‍ಯಾರದ್ದು ಯಾವ ನಂಬರ್ ಅಂತ ಬರೆದುಕೊಳ್ಳಬೇಕು. ಕದಿರಮ್ಮನಿಗೆ ಬೆರಳಿನ ಬದಲು ಕಣ್ಣಿನ ಗುರುತು ತಗೋತಾರಂತೆ. ಹೊಲಿಗೆ ಮಿಷನ್ ಹುಡುಗಿಯದ್ದು ಇನ್ನೂ ಆಗಿಲ್ಲ. ನಮ್ಮ ಅಕ್ಕಿ ಕಾರ್ಡ್ ಮುಂದಿನ ತಿಂಗಳು.

ಬೆಳಿಗ್ಗೆ ಇವರೂ ನಾನೂ ಒಂದೇ ಬಸ್ಸು. ರಾಯಕೋಟೆಯಲ್ಲಿ ಇವರು ಮಂಡಿಗೆ ಅಂತ ನಿಧಾನಕ್ಕೆ ಇಳಿಯುತ್ತಿದ್ದರು, ನಾನು ಮೊದಲೇ ಇಳಿದು ಓಡಿಹೋಗಿ ಕೃಷ್ಣಗಿರಿ ಬಸ್ಸು ಹತ್ತಿದೆ. ಇವತ್ತಿನವರ ಕಾಗದ ತಲೆಯಲ್ಲಿ ಓಡುತ್ತಿತ್ತು. ಪರೀಕ್ಷೆ ಪ್ಯಾಡು ಹೊಸೂರು ಬಸ್ಸಿನಲ್ಲೇ ಬಿಟ್ಟುಬಂದದ್ದು ಗೊತ್ತೇ ಆಗಲಿಲ್ಲ.

ಬಸ್ಸು ಹೊರಟಿತ್ತು. ಹಿಂದಿನಿಂದ ಯಾರೋ ಓಡಿಬರುವ ಸದ್ದು. ಕಿಟಕಿಯಲ್ಲಿ ನೋಡಿದರೆ ಇವರು, ಪ್ಯಾಡು ಮೇಲೆತ್ತಿ ಹಿಡಿದು, ಪಂಚೆ ಎತ್ತಿಕಟ್ಟಿ, ಆ ಟೊಮ್ಯಾಟೊ ಗಾಡಿಗಳ ನಡುವೆ.

“ಮನೂ!”

ಬಸ್ಸಿನಲ್ಲಿದ್ದ ನಾಲ್ಕೈದು ಜನ ತಮ್ಮ ಕೈಯಲ್ಲಿದ್ದ ಕಾಗದ ನೋಡಿಕೊಂಡರು.

“ಮನೂ! ಏ ಮನೂ!”

“ಯಾರದಮ್ಮಾ ಮನು ಬಿದ್ದೋಗಿರೋದು?” ಅಂದ ಕಂಡಕ್ಟರ್, ಸೀಟಿ ಊದಿ ಬಸ್ಸು ನಿಲ್ಲಿಸಿ.

ನಾನು ಓ ಅಂದೆ.